ಹತ್ತು ಮಾರಿನ ಹಗ್ಗ

ಹಗ್ಗದಕ್ಕನಿಗೆ ಆ ಹೆಸರು ಬಂದದ್ದು ಹಗ್ಗ ಮಾರಿ ಅಲ್ಲ, ಹಗ್ಗ ಸವೆಸಿ. ಬೀದಿಯ ಬಾವಿಯಿಂದ ನೀರು ಸೇದಿ ಮನೆ, ಅಂಗಡಿಗಳಿಗೆ ಹಾಕುವುದು ಅವಳ ಕಸುಬು. ಬೆಳಕು ಹರಿಯುವಷ್ಟರಲ್ಲಿ ಕ್ಷೌರದಂಗಡಿಗೆ ನಾಲ್ಕು ಕೊಡ, ಅಚ್ಚುಕೂಟಕ್ಕೆ ಎರಡು, ಹೆರಿಗೆ ಡಾಕ್ಟರಮ್ಮನ ಮನೆಗೆ ಹತ್ತು. ಹೀಗೆ ಇಪ್ಪತ್ತೆಂಟು ವರ್ಷ. ಅಂಗೈ ಎಷ್ಟು ಜಡ್ಡುಗಟ್ಟಿತ್ತೆಂದರೆ ಒಲೆಯ ಮೇಲಿನ ಪಾತ್ರೆಯನ್ನು ಬರಿಗೈಯಲ್ಲೇ ಇಳಿಸುತ್ತಿದ್ದಳು. ಸೊಸೆ ‘ಅಯ್ಯೋ ಅತ್ತೆ’ ಎಂದು ಕಿರುಚಿದರೆ, “ಕಿರುಚ್ಬೇಡ, ಪಾತ್ರೆ ಹೆದ್ರುತ್ತೆ” ಎನ್ನುವಳು.

ಆ ಬಾವಿಕಟ್ಟೆಯನ್ನು ನೆನೆದರೆ ಅವಳಿಗೆ ಈಗಲೂ ಕಣ್ಣು ತುಂಬುತ್ತದೆ. ರಾಟೆ ಕಿರುಗುಟ್ಟಿದರೆ ಬೀದಿಗೆ ಬೆಳಗಾಯಿತೆಂದು ಅರ್ಥ. ಯಾರ ಮನೆಯಲ್ಲಿ ಏನು ಬೇಯುತ್ತಿದೆ, ಯಾರ ಮನೆಯಲ್ಲಿ ಯಾರು ಮುನಿಸಿಕೊಂಡಿದ್ದಾರೆ, ಎಲ್ಲವೂ ಮೊದಲು ಬರುತ್ತಿದ್ದದ್ದು ಅಲ್ಲಿಗೇ. ಮೊದಲ ಕೊಡದ ನೀರನ್ನು ಮುಖಕ್ಕೆ ಎರಚಿಕೊಂಡರೆ ರಾತ್ರಿಯ ಸಿಟ್ಟೆಲ್ಲ ಇಳಿದುಹೋಗುತ್ತಿತ್ತು. ನಲ್ಲಿ ತಿರುಗಿಸಿ ನೀರು ಹಿಡಿಯುವವರಿಗೆ ಅದರ ರುಚಿ ಏನು ಗೊತ್ತು ಬಿಡಿ.

ಹಗ್ಗ ಬರುತ್ತಿದ್ದದ್ದು ಅವಳ ಅಣ್ಣನ ಅಂಗಡಿಯಿಂದ. ಎರಡೂ ಕೈ ಅಗಲಕ್ಕೆ ಚಾಚಿದರೆ ಒಂದು ಮಾರು. ಬಾವಿಗೆ ಬೇಕಾದದ್ದು ಹತ್ತು ಮಾರು. ಅಣ್ಣ ಗಿಡ್ಡ ಆಳು. ತಂಗಿಯ ಹಗ್ಗ ಅಳೆಯುವಾಗ ಮಾತ್ರ ಎಲ್ಲಿ ಮುಗ್ಗರಿಸಿಬಿಡುತ್ತಾನೋ ಎಂಬಷ್ಟು ಎದೆ ಮುಂದಕ್ಕೆ ತಳ್ಳಿ ಕೈ ಚಾಚುತ್ತಿದ್ದ. ಅವನು ಕೊಟ್ಟ ಮೊದಲ ಹಗ್ಗದಲ್ಲಿ ಕೊಡ ನೀರು ಮುಟ್ಟಿದ ಮೇಲೂ ಮುಂಗೈಗೆ ಮೂರು ಸುತ್ತು ಸುತ್ತಿಕೊಳ್ಳುವಷ್ಟು ಮಿಗುತ್ತಿತ್ತು. ಅದು ಸವೆದು ಎರಡನೆಯದು ತಂದಾಗ ಒಂದೇ ಸುತ್ತು ಮಿಕ್ಕಿತು. “ಕೈ ಮುದುರ್ಕೊಂಡು ಅಳೆದ್ಯೇನಣ್ಣ?” ಎಂದು ಗೊಣಗಿದಳು. ಹಗ್ಗ ನೆನೆದರೆ ಗಿಡ್ಡವಾಗುತ್ತದೆ ಎಂದು ಕ್ಷೌರದವನು ಸಮಾಧಾನ ಹೇಳಿದ. ಬಾವಿಯಿಂದ ಒಂದು ಕೊಡವನ್ನೂ ಸೇದಿ ಗೊತ್ತಿಲ್ಲದವನು ನೀರಿನ ಪಂಡಿತನಾದದ್ದು ಹೀಗೆ.

ಮೂರನೆಯ ಹಗ್ಗ ಬಂದ ದಿನ ಕೊಡ ನೀರಿನಿಂದ ಗೇಣುದ್ದ ಮೇಲೆ ತೂಗಾಡಿತು. ಹಗ್ಗದಕ್ಕನಿಗೆ ಕೋಪ ಮೊದಲೇ ಮೂಗಿನ ತುದಿಯಲ್ಲಿ. ಒದ್ದೆ ಹಗ್ಗವನ್ನು ದರದರ ಎಳೆದುಕೊಂಡು ಹೋಗಿ, ಸಂತೆಯ ಜನ ನಿಂತಿದ್ದ ಅಂಗಡಿಯೊಳಕ್ಕೆ ಎಸೆದಳು.

“ಒಡಹುಟ್ಟಿದವಳಿಗೇ ಅಳತೇಲಿ ಮೋಸ ಮಾಡ್ತೀಯಲ್ಲೋ! ಹತ್ತು ಮಾರಂತೆ ಹತ್ತು!”

ಅಣ್ಣ ಹಗ್ಗ ಎತ್ತಿಕೊಂಡು ಒಳಗೆ ಹೋದ. ತಂಗಿಯೇ ಹೀಗೆಂದ ಮೇಲೆ ಬೇರೆಯವರು ಅಲ್ಲಿಗೆ ಯಾಕೆ ಹೋಗುತ್ತಾರೆ? ಎರಡೇ ವರ್ಷದಲ್ಲಿ ಅಂಗಡಿಗೆ ಬಾಗಿಲು ಬಿತ್ತು. ಅವನು ಊರಿನ ಆಚೆ ತುದಿಯ ಗೋದಾಮಿನಲ್ಲಿ ಮೂಟೆ ಹೊಲಿಯುವ ಕೆಲಸಕ್ಕೆ ಸೇರಿದ. ಅವಳ ಮಗನ ಮದುವೆಗೆ ಅವನು ಬರಲಿಲ್ಲ. ಅವಳು ಕರೆಯಲೂ ಇಲ್ಲ. ಮಾತು ಬಿಟ್ಟು ಇಪ್ಪತ್ತೆರಡು ವರ್ಷವಾಯಿತು.

ಅಷ್ಟರಲ್ಲಿ ಬೀದಿಗೆ ನಲ್ಲಿ ಬಂತು, ಬಾವಿ ಕಸದ ತೊಟ್ಟಿಯಾಯಿತು. ಆಮೇಲೆ ನಲ್ಲಿಯೂ ಕೈಕೊಟ್ಟು ಟ್ಯಾಂಕರ್ ಬಂತು. ಈಗ ವಾರಕ್ಕೆರಡು ಸಲ ಬಣ್ಣಬಣ್ಣದ ಬಿಂದಿಗೆಗಳು ಸಾಲಾಗಿ ಕೂತು ಜಗಳ ಕಾಯುತ್ತವೆ. ಕೊನೆಗೆ ನಗರಸಭೆಗೆ ಬುದ್ಧಿ ಬಂದು, ಹಳೆಯ ಬಾವಿಯ ಹೂಳೆತ್ತಿ, ಮನೆಗಳ ಮಾಡಿನ ಮಳೆನೀರನ್ನು ಅದಕ್ಕೆ ಇಳಿಸುವ ಯೋಜನೆ ಹಾಕಿತು. ಕಾಗದ ಹಿಡಿದು ಬಂದ ಎಂಜಿನಿಯರ್ ಹುಡುಗಿಗೆ ಒಂದೇ ತಲೆನೋವು: ನೀರು ಹಿಂದೆ ಎಷ್ಟು ಆಳದಲ್ಲಿತ್ತು, ಯಾವಾಗ ಇಳಿಯಿತು ಎಂದು ಯಾವ ಕಡತದಲ್ಲೂ ಇರಲಿಲ್ಲ. ಬೀದಿಯವರು ಹಗ್ಗದಕ್ಕನ ಮನೆ ತೋರಿಸಿದರು.

ಹಗ್ಗದಕ್ಕನಿಗೆ ಇಸವಿ ಗೊತ್ತಿಲ್ಲ, ಹಗ್ಗ ಗೊತ್ತು. ಮಗ ಹುಟ್ಟಿದಾಗ ತಂದದ್ದು, ಅವನು ಶಾಲೆಗೆ ಸೇರಿದಾಗ ತಂದದ್ದು, ಬೀದಿಯ ತುದಿಯಲ್ಲಿ ಐಸ್ ಫ್ಯಾಕ್ಟರಿ ಶುರುವಾದ ವರ್ಷ ತಂದದ್ದು ಎಂದು ಬೆರಳು ಮಡಿಚುತ್ತಾ, ಹಗ್ಗ ಪ್ರತಿ ಸಲವೂ ಎಷ್ಟು ಗಿಡ್ಡವಾಗುತ್ತಾ ಬಂತೆಂದು ಹೇಳಿದಳು. ಹುಡುಗಿ ಕಾಗದದ ಮೇಲೆ ಒಂದು ಗೆರೆ ಎಳೆದಳು. ಅದು ಕೆಳಗೆ ಕೆಳಗೆ ಹೋಯಿತು.

“ಫ್ಯಾಕ್ಟರಿಯವರು ಬೋರ್ ಹಾಕಿಸಿದ್ರಾ ಅಮ್ಮ?”

“ಮೂರು ಹಾಕಿಸಿದ್ರು. ಪೂಜೆ ದಿನ ನಮಗೆಲ್ಲ ಐಸ್ ಹಂಚಿದ್ರು. ನಾನೂ ಚೀಪಿದೆ.”

“ಹಾಗಾದ್ರೆ ಹಗ್ಗ ಗಿಡ್ಡ ಆಗಿದ್ದಲ್ಲಮ್ಮ. ನೀರು ಇಳೀತಿತ್ತು.”

ದಿನಾ ಆ ಬಾವಿಯೊಳಗೆ ಇಣುಕಿದವಳು ಹಗ್ಗದಕ್ಕ. ನೀರಿನ ಮೇಲೆ ಒಂದು ದಿನವೂ ಅನುಮಾನ ಬರಲಿಲ್ಲ, ಅಣ್ಣನ ಮೇಲೆ ಬಂತು. ಅಂಥ ನಾಚಿಕೆ ಅವಳಿಗೆ ಜನ್ಮದಲ್ಲಿ ಆಗಿರಲಿಲ್ಲ.

ಹುಡುಗಿಗೆ ಇದೊಂದೂ ತಿಳಿಯದು. “ಮಾರು ಅಂದ್ರೆ ಒಬ್ಬೊಬ್ಬರದು ಒಂದೊಂದು ಥರ ಅಲ್ವಾ? ಅಳೆದವರು ಯಾರು? ಅವರ ತೋಳಿನ ಉದ್ದ ಬೇಕಿತ್ತು” ಎಂದಳು.

“ನಾನೇ ತಂದ್ಕೊಡ್ತೀನಿ ಕೊಡು” ಎಂದು ಹಗ್ಗದಕ್ಕ ಅವಳ ಕೈಯಿಂದ ಅಳತೆಪಟ್ಟಿ ಇಸಿದುಕೊಂಡಳು.

ಮರುದಿನ ಬೆಳಗ್ಗೆ ಎರಡು ಬಸ್ಸು ಬದಲಿಸಿ ಹೋದಳು. ಅಣ್ಣ ಮನೆಯ ಮೆಟ್ಟಿಲ ಮೇಲೆ ಕೂತು ಹರಿದ ಚೀಲಕ್ಕೆ ದಬ್ಬಳದಲ್ಲಿ ಹೊಲಿಗೆ ಹಾಕುತ್ತಿದ್ದ. ಕೂದಲೆಲ್ಲ ಬೆಳ್ಳಗಾಗಿತ್ತು, ಆಳು ಇನ್ನಷ್ಟು ಗಿಡ್ಡನಾಗಿದ್ದ. ಅವಳು ದಾರಿಯುದ್ದಕ್ಕೂ ಜೋಡಿಸಿಕೊಂಡ ಮಾತು ಬಿಟ್ಟು ಅಳತೆಪಟ್ಟಿ ಬಿಚ್ಚಿದಳು.

“ಏಳು. ಕೈ ಚಾಚು” ಎಂದಳು.

ಅವನು ಏನೊಂದೂ ಕೇಳದೆ ಎದ್ದು ಕೈ ಚಾಚಿದ. ಈ ಬೆರಳ ತುದಿಯಿಂದ ಆ ಬೆರಳ ತುದಿಗೆ ಅವಳು ಪಟ್ಟಿ ಹಿಡಿದಳು.

“ನಿನ್ನ ಹಗ್ಗ ಸರಿಯಾಗೇ ಇತ್ತಣ್ಣ. ಹತ್ತು ಮಾರು ಹತ್ತೇ. ನೀರು ಕೆಳಗೆ ಹೋಗಿತ್ತು. ನಾನು ಬಾಯಿಗೆ ಬಂದಂಗೆ ಅಂದ್ಬಿಟ್ಟೆ.”

“ಹತ್ತು ಇರ್ಲಿಲ್ಲ ಕಣೇ” ಎಂದ ಅಣ್ಣ.

ಅವಳು ಗಾಬರಿಯಿಂದ ಅವನ ಮುಖ ನೋಡಿದಳು.

“ಹನ್ನೊಂದಿತ್ತು, ನೀನು ಎಸೆದ ಹಗ್ಗ. ಅದರ ಹಿಂದಿನ ಸಲ ಗಿಡ್ಡ ಅಂತ ಗೊಣಗಿದ್ಯಲ್ಲ. ಬಗ್ಗಿ ಬಗ್ಗಿ ಸೇದ್ತಾಳೆ ಪಾಪ ಅಂತ ಒಂದು ಮಾರು ಸೇರಿಸಿದ್ದೆ.”

“ಮತ್ತೆ ಅವತ್ತೇ ಎಲ್ಲರ ಎದುರಿಗೆ ಅಳೆದು ತೋರಿಸ್ಬಾರ್ದಿತ್ತಾ? ಅಂಗಡಿ ಉಳೀತಿತ್ತಲ್ಲೋ!”

“ತಂಗಿಗೆ ಅಂತ ಕೊಟ್ಟಿದ್ದನ್ನ ಬೀದೀಲಿ ಅಳೆದು ತೋರಿಸ್ಲಾ?”

ಹಗ್ಗದಕ್ಕ ಮೆಟ್ಟಿಲ ಮೇಲೆ ಕುಸಿದು ಕೂತು, ಅಕ್ಕಪಕ್ಕದವರು ಬಾಗಿಲಿಗೆ ಬಂದು ನೋಡುವಂತೆ ಗಟ್ಟಿಯಾಗಿ ಅತ್ತಳು. ಅಣ್ಣನಿಗೆ ಅಳುವವರನ್ನು ಸಮಾಧಾನ ಮಾಡಿ ಅಭ್ಯಾಸವಿಲ್ಲ. ಅರ್ಧ ಹೊಲಿದ ಚೀಲವನ್ನೇ ಮುಖ ಒರೆಸಿಕೊಳ್ಳಲು ಕೊಟ್ಟ. ಅವಳು ಸೆರಗಿನಲ್ಲಿ ಒರೆಸಿಕೊಂಡು, ಎಂಜಿನಿಯರ್ ಹುಡುಗಿಗೆ ಫೋನ್ ಮಾಡಿದಳು.

“ಮಾರಿಗೆ ಐದಡಿ ಒಂದಿಂಚು, ಬರ್ಕೋ. ಇನ್ನೊಂದು, ಕೊನೇ ಹಗ್ಗ ಹತ್ತಲ್ಲ, ಹನ್ನೊಂದು. ನೀರು ನಾನು ಹೇಳಿದ್ದಕ್ಕಿಂತ ಇನ್ನೂ ಒಂದು ಮಾರು ಕೆಳಗಿತ್ತು.”

“ಇಷ್ಟು ವರ್ಷದ ಮೇಲೆ ಖಚಿತವಾಗಿ ಹೇಗೆ ಹೇಳ್ತೀರಮ್ಮ?” ಎಂದಿತು ಆ ಕಡೆಯ ದನಿ.

ಬಾಗಿಲಲ್ಲಿ ನಿಂತವರಿಗೆಲ್ಲ ಕೇಳಲೆಂದು ಹಗ್ಗದಕ್ಕ ದನಿ ಎತ್ತರಿಸಿದಳು.

“ಅಳೆದು ಕೊಟ್ಟೋನು ನಮ್ಮಣ್ಣ. ಅವನ ಅಳತೆ ಯಾವತ್ತೂ ತಪ್ಪಿಲ್ಲ. ಹಾಗಂತಾನೂ ಬರ್ಕೋ.”