ಬಯಕೆಯ ಭರಣಿ

ಇವತ್ತು ಸೊಸೆ ಸಂತೆಯಿಂದ ಕವಳಿಕಾಯಿ ತಂದು ಪಡಸಾಲೆಯಲ್ಲಿ ಸುರುವಿದಳು. ತೊಟ್ಟು ಮುರಿದಲ್ಲೆಲ್ಲ ಬಿಳಿ ಹಾಲು ಒಸರಿ ಬೆರಳಿಗೆ ಅಂಟಿಕೊಂಡಿತು. ಆ ಹುಳಿ ವಾಸನೆ ಮೂಗಿಗೆ ಬಡಿದದ್ದೇ ತಡ, ನನಗೆ ಬಂದದ್ದು ಸಿಟ್ಟು. ಇಷ್ಟು ವರ್ಷವಾದರೂ ಅದು ಆರಿಲ್ಲ ನೋಡಿ.

ಬೈಲಹೊಂಗಲದಲ್ಲಿ ನಮ್ಮ ತವರುಮನೆಯ ಗೋಡೆಗೆ ಹತ್ತಿಕೊಂಡೇ ದೊಡ್ಡವ್ವನ ಮನೆ. ರಕ್ತಸಂಬಂಧವೇನಲ್ಲ, ಓಣಿಯ ಮಕ್ಕಳಿಗೆಲ್ಲ ಆಕೆ ದೊಡ್ಡವ್ವ. ಇದ್ದೊಬ್ಬ ಮಗಳನ್ನು ಯರಗಟ್ಟಿಗೆ ಕೊಟ್ಟಿದ್ದಳು. ಬೇಸಿಗೆಯ ಕೊನೆಗೆ ಕಿತ್ತೂರ ಕಡೆಯ ಹೆಂಗಸರು ಕವಳಿ ಬುಟ್ಟಿ ಹೊತ್ತು ಬಂದರೆ, ದೊಡ್ಡವ್ವ ಒಂದೊಂದೇ ಕಾಯಿ ಒತ್ತಿ ನೋಡಿ, ಕೆಂಪೇರಿಯೂ ಗಟ್ಟಿ ಇದ್ದವನ್ನಷ್ಟೇ ಆರಿಸುತ್ತಿದ್ದಳು. ಉಪ್ಪುನೀರಿನಲ್ಲಿ ತೊಳೆದು, ನೆರಳಿಗೆ ಹಳೇ ಸೀರೆ ಹಾಸಿ ಹರವುತ್ತಿದ್ದಳು. ಕೆಂಡದ ಮೇಲೆ ಇಂಗು ಹಾಕಿ ಆ ಹೊಗೆಗೆ ಭರಣಿ ಬೋರಲು ಹಿಡಿಯುತ್ತಿದ್ದಳು. ಆಮೇಲೆ ಒಂದು ಪದರು ಕಾಯಿ, ಒಂದು ಪದರು ಉಪ್ಪು... ಮೇಲೆ ಕಾಸಿ ಆರಿಸಿದ ಕುಸುಬಿ ಎಣ್ಣೆ. ಬಾಯಿಗೆ ಬಿಳಿ ಅರಿವೆ ಕಟ್ಟಿ ಆಕೆ ಹಾಕುತ್ತಿದ್ದ ಗಂಟು ಬಿಚ್ಚಲು ನಮಗ್ಯಾರಿಗೂ ಬರುತ್ತಿರಲಿಲ್ಲ.

ಮತ್ತೆ ಒಂದೇ ಒಂದು ಕಾಯಿ ಯಾರಿಗೂ ಕೊಡುತ್ತಿರಲಿಲ್ಲ!

"ಮುಟ್ಟಬ್ಯಾಡವ. ಅಕ್ಕನ ಬಯಕಿಗೆ ಇಟ್ಟದ್ದೈತಿ ಅದು," ಎನ್ನುತ್ತಿದ್ದಳು. ಮಗಳು ಬಸುರಾಗಿ ಹುಳಿ ಬೇಡುವ ಹೊತ್ತಿಗೆ ಕವಳಿಯ ಕಾಲ ಮುಗಿದಿದ್ದರೆ ಏನು ಗತಿ ಎಂಬುದು ಆಕೆಯ ಚಿಂತೆ. ಮಗಳು ಬಸುರಾಗಲಿಲ್ಲ. ಮರುವರ್ಷ ಹೊಸ ಕಾಯಿ ಬಂದಾಗ ದೊಡ್ಡವ್ವ ಹಳೆಯದನ್ನು ಹಿತ್ತಲಲ್ಲಿ ತಗ್ಗು ತೋಡಿ ಮುಚ್ಚಿದಳು. ಮಗಳ ಹೆಸರಿನಲ್ಲಿ ಹಾಕಿದ್ದು ಬೇರೆಯವರ ಬಾಯಿಗೆ ಹೋಗಬಾರದಂತೆ! ವರ್ಷವರ್ಷವೂ ಇದೇ ಕಥೆ. ಭರಣಿಗಟ್ಟಲೆ ಉಪ್ಪಿನಕಾಯಿ ಮಣ್ಣುಪಾಲಾದರೆ, ಬೇಲಿಯಾಚೆ ಜೊಲ್ಲು ನುಂಗುತ್ತ ನಿಂತ ನಮ್ಮ ಹೊಟ್ಟೆ ಉರಿಯದೆ ಇರುತ್ತದೆಯೇ? ಜಿಪುಣಿ ಎಂದು ನಾನು ಮನೆಗೆ ಬಂದು ಹಾರಾಡುತ್ತಿದ್ದೆ. ಅವ್ವ ಗದರಿಸಿ ಬಾಯಿ ಮುಚ್ಚಿಸುತ್ತಿದ್ದಳು.

ನನ್ನನ್ನು ರಾಮದುರ್ಗಕ್ಕೆ ಕೊಟ್ಟರು. ಬಸುರಾದೆ. ಅನ್ನ ಕಂಡರೆ ವಾಕರಿಕೆ. ಬೇಕೆನಿಸಿದ್ದು ಒಂದೇ, ದೊಡ್ಡವ್ವನ ಕವಳಿ. ತವರಿನ ಆಳುಮನುಷ್ಯ ಬಂದಾಗ ಸುಮ್ಮನೆ ಬಾಯಿಬಿಟ್ಟು ಆಡಿದ್ದೆ, ಅಷ್ಟೇ. ಮುಂದಿನ ಸಲ ಅವನ ಚಕ್ಕಡಿಯಲ್ಲಿ, ಹುಲ್ಲಿನ ನಡುವೆ, ಆ ಭರಣಿಯೇ ಬಂತು. ಬಟ್ಟಲಲ್ಲ, ಇಡೀ ಭರಣಿ... ನನಗೆ ಅಳುವೇ ಬಂತು.

"ಮಗಳ ಬಯಕಿಗಂತ ಇಟ್ಟದ್ದನ್ನ ಇವರಿಗೆ ಕೊಟ್ಟು ಕಳಿಸ್ಯಾಳ್ರಿ," ಎಂದು ಅವನು ಅಭಿಮಾನದಿಂದ ಹೇಳಿದ. ಅಲ್ಲಿಗೆ ಕೆಟ್ಟಿತು. ಮಗಳಿಗೆ ಎಷ್ಟು ಮಕ್ಕಳು ಎಂದು ಅತ್ತೆ ಕೇಳಿದರು. ಇಲ್ಲವೆಂದ.

"ಮಕ್ಕಳಾಗದಾಕಿ ಹೆಸರೀಲೆ ಹಾಕಿದ್ದನ್ನ ನಮ್ಮ ಸೊಸಿ ತಿನಬೇಕೇನು? ಹೊಳ್ಳಿ ಒಯ್ಯಿ!"

"ಒಂದ ಕಾಯಿರಿ, ಅತ್ತಿ..." ಎಂದು ಅಂಗಲಾಚಿದೆ. ಎತ್ತುಗಳಿಗೆ ನೀರು ಕುಡಿಸುವಷ್ಟೂ ಪುರುಸೊತ್ತು ಕೊಡದೆ ಚಕ್ಕಡಿ ತಿರುಗಿಸಿದರು. ನನ್ನ ಹೊಟ್ಟೆ, ನನ್ನ ಬಾಯಿ. ಮಾತು ಮಾತ್ರ ನನ್ನದಲ್ಲ!

ಹೆರಿಗೆಗೆ ತವರಿಗೆ ಹೋದಾಗ ದೊಡ್ಡವ್ವ ಬಂದಳು. ನನ್ನ ತಲೆ ಸವರಿ ಕೇಳಿದಳು.

"ಉಪ್ಪ ಹೆಚ್ಚಾಗಿತ್ತೇನವ?"

ತಾನು ಹಾಕಿದ ಗಂಟು ಹಾಗೆಯೇ ಮರಳಿ ಬಂದದ್ದನ್ನು ಆಕೆ ಕಂಡಿರಲಿಲ್ಲವೇ? ಕಂಡೇ ಇರುತ್ತಾಳೆ.

"ಹೂಂ ದೊಡ್ಡವ್ವ... ಒಂಚೂರು," ಎಂದೆ.

"ಮುಂದಿನ ಸಲ ಕಡಿಮಿ ಹಾಕತೇನಿ, ತಗೋ."

ಆ ಮುಂದಿನ ಸಲ ಬರಲೇ ಇಲ್ಲ. ಕಿತ್ತೂರ ಬುಟ್ಟಿಯವರನ್ನು ಆಕೆ ಮತ್ತೆಂದೂ ಬಾಗಿಲಿಗೆ ಕರೆಯಲಿಲ್ಲ. ಆಕೆ ತೀರಿಕೊಂಡ ಸುದ್ದಿಯೂ ನನಗೆ ಮುಟ್ಟಿದ್ದು ತಡವಾಗಿ.

ಈಗ ಸೊಸೆ ನಾನು ಹೇಳಿದಂತೆ ಭರಣಿಗೆ ಇಂಗಿನ ಹೊಗೆ ಹಿಡಿದು ಕೇಳುತ್ತಿದ್ದಾಳೆ, "ಅತ್ತಿ, ನಿಮ್ಮ ದೊಡ್ಡವ್ವ ಉಪ್ಪ ಎಷ್ಟ ಹಾಕತಿದ್ರರಿ?"

ಏನು ಹೇಳಲಿ? ಆಕೆಯ ಕವಳಿಯ ರುಚಿ ಆ ಹಿತ್ತಲಿನ ಮಣ್ಣಿಗೆ ಗೊತ್ತು. ನಾನು ತಿಂದೇ ಇಲ್ಲ.