ಹೋಲೀನ್ ಅನ್ನುವ ಧೈರ್ಯ

"ಓಸ್ತ್ರಾಸ್!" ದೋಹಾದ ವೆಸ್ಟ್ ಬೇಯ ಆಫೀಸಿನಲ್ಲಿ ನನ್ನ ಮೊದಲ ನಕ್ಷೆ ನೋಡಿ ಪಿಲಾರ್ ಕೂಗಿದಳು. ಕೆಲಸ ಹೋಯಿತು, ಇನ್ನು ಮೈಸೂರಿಗೆ ವಾಪಸ್ ಎಂದುಕೊಂಡೆ. ಅಕ್ಕಪಕ್ಕದವರು ತಲೆಯನ್ನೂ ಎತ್ತಲಿಲ್ಲ. ಪಿಲಾರ್ ನಮ್ಮ ಮುಖ್ಯ ಆರ್ಕಿಟೆಕ್ಟ್, ಸ್ಪೇನಿನವಳು. ಆ ಪದಕ್ಕೆ ಅವಳ ಭಾಷೆಯಲ್ಲಿ ಚಿಪ್ಪುಮೀನು ಎಂದರ್ಥವಂತೆ; ಆಶ್ಚರ್ಯವಾಗಿ ಮೆಚ್ಚಿದಾಗಲೂ ಅದನ್ನೇ ಅನ್ನುತ್ತಾರಂತೆ. ಕೇಳಿ ನನಗೆ ಖುಷಿಯೋ ಖುಷಿ.

ದೋಹಾಕ್ಕೆ ಬಂದವರೆಲ್ಲ ಮೊದಲು ಯಲ್ಲಾ, ಖಲಾಸ್ ಕಲಿಯುತ್ತಾರೆ. ನಡಿ, ಮುಗೀತು ಎಂಬ ಆ ಎರಡರಲ್ಲೇ ಅರ್ಧ ಸಂಸಾರ ಸಾಗುತ್ತದೆ. ನಾನು ಜೊತೆಗೆ ಪಿಲಾರ್ ಬಾಯಿಂದ ಹೋಲೀನ್ ಕಲಿತೆ. ಸಣ್ಣಪುಟ್ಟ ಕಿರಿಕಿರಿಗೆ ಅನ್ನುವ ಮಾತದು. ಲಿಫ್ಟ್ ತಪ್ಪಿದರೆ ಹೋಲೀನ್, ಪ್ರಿಂಟರ್ ಕೈಕೊಟ್ಟರೆ ಹೋಲೀನ್. ಪಿಲಾರ್ ಅದನ್ನು ತನ್ನ ಮೇಲಿನವರ ಮುಖಕ್ಕೇ ಹೇಳುತ್ತಿದ್ದಳು, ಅವರು ನಗುತ್ತಿದ್ದರು. ನಮ್ಮಲ್ಲಿ ದೊಡ್ಡವರ ಮುಂದೆ ಬೇಸರ ನುಂಗಿಕೊಳ್ಳುವುದೇ ಮರ್ಯಾದೆ. ನಾನು ಎಲ್ಲದಕ್ಕೂ ತಲೆಯಾಡಿಸುತ್ತಿದ್ದೆ.

ಪ್ರೊಬೇಷನ್ ಮುಗಿಯುವ ಹೊತ್ತಿಗೆ ಪಿಲಾರ್ ಕರೆದಳು. "ಸುಮಾ, ನೀನು ಎಲ್ಲದಕ್ಕೂ ಎಸ್ ಅಂತೀಯ. ನಾನೇ ತಪ್ಪು ಮಾಡಿದ್ರೆ ಯಾರು ಹೇಳ್ತಾರೆ? ಹೀಗಾದ್ರೆ ಕನ್ಫರ್ಮ್ ಮಾಡೋದು ಕಷ್ಟ." ಕೆಲಸ ಖಾಯಂ ಆಗದೆ ಗಂಡನನ್ನೂ ಮಗಳನ್ನೂ ಕರೆಸಿಕೊಳ್ಳುವ ಹಾಗಿರಲಿಲ್ಲ. ಅಲ್ ಗರಾಫಾದ ಬಾಡಿಗೆ ಕೋಣೆಯಲ್ಲಿ ಮೊದಲು ಅತ್ತುಬಿಟ್ಟೆ, ಆಮೇಲೆ ಕುಕ್ಕರ್ ಮುಂದೆ ನಿಂತು ಹೋಲೀನ್ ಅಭ್ಯಾಸ ಮಾಡಿದೆ.

ಆ ವಾರವೇ ಪಿಲಾರ್ ತಾನೇ ಬರೆದ ಒಂದು ವಿಲ್ಲಾದ ನಕ್ಷೆ ಕೊಟ್ಟಳು. ಅದರಲ್ಲಿ ಅಡುಗೆಮನೆಯ ಬಾಗಿಲು ತೆರೆದರೆ ಒಲೆಗೆ ಬಡಿಯುತ್ತಿತ್ತು. "ಹೋಲೀನ್, ಪಿಲಾರ್, ಈ ಬಾಗಿಲು ತೆಗೆದ್ರೆ ಒಲೆಗೆ ಹೊಡೆಯುತ್ತೆ" ಅಂದೇಬಿಟ್ಟೆ. ಅವಳು ನಕ್ಷೆ ನೋಡಿದಳು, ನನ್ನನ್ನು ನೋಡಿದಳು. "ಓಸ್ತ್ರಾಸ್" ಎಂದು ಬೆನ್ನು ತಟ್ಟಿದಳು. ಕೆಲಸ ಖಾಯಂ ಆಯಿತು. ಗಂಡ, ಮಗಳು ಬಂದರು. ಕಳೆದ ತಿಂಗಳು ಗಂಡನ ತಾಯಿಯೂ ಬಂದರು.

ಬಂದ ಮರುದಿನವೇ ಅವರು ನನ್ನ ಅಡುಗೆಮನೆಯ ಡಬ್ಬಿಗಳನ್ನೆಲ್ಲ ಅದಲುಬದಲು ಮಾಡಿದರು. ಬಾಣಲೆಯಲ್ಲಿ ಎಣ್ಣೆ ಹೊಗೆಯಾಡುತ್ತಿದೆ, ಸಾಸಿವೆ ಸಿಗುತ್ತಿಲ್ಲ.

"ಹೋಲೀನ್, ಅತ್ತೆ." ಬಾಯಿಂದ ಬಂದೇಬಿಟ್ಟಿತು.

"ಹಂಗಂದ್ರೇನಮ್ಮಾ?"

"ಬೇಜಾರಾದಾಗ ಸ್ಪೇನ್‌ನವ್ರು ಹೇಳೋದು."

ಅತ್ತೆ ಸಾಸಿವೆ ಡಬ್ಬಿ ಹುಡುಕಿ ನನ್ನ ಕೈಗಿತ್ತರು. "ಮೈಸೂರಲ್ಲಿ ಬೇಜಾರಾದಾಗ ಏನಂತಿದ್ದೆ?" ಎಂದು ಕೇಳಿದರು.

"ಸರಿ ಅತ್ತೆ ಅಂತಿದ್ದೆ."

ಅವರು ನಗಲಿಲ್ಲ. "ಅಲ್ಲಿಗೆ ಬಂದಾಗ್ಲೂ ಹೋಲೀನ್ ಅಂತ್ಲೇ ಅನ್ನು" ಎಂದರು.

ಅನ್ನುವೆನೋ ಇಲ್ಲವೋ. ಮೈಸೂರಿನ ಆ ಮನೆಯ ಹೊಸ್ತಿಲು ದಾಟಿದರೆ ನನ್ನ ಬಾಯಿಗೆ ಬರುವುದು ಇನ್ನೂ ಸರಿ ಅತ್ತೆ ಒಂದೇ.