ನಾಲ್ಕು ಬೆರಳೆತ್ತರದ ದಿಂಬು

ಬಸಲಿಂಗಮ್ಮ ತನ್ನ ಬದುಕಿನಲ್ಲಿ ಓಣಿಯವರಿಗೆ ಒಂದೇ ಒಂದು ಸಲ ಮೋಸ ಮಾಡಿದ್ದಾಳೆ. ಒಂದು ದಿಂಬು ಕೇಳಿದಾಗ ಇನ್ನೊಂದು ದಿಂಬು ಕೊಟ್ಟಳು. ಅಷ್ಟೇ. ಆ ದಿಂಬು ಎಲ್ಲಿಗೆ ಹೋಗಿ ಸೇರುತ್ತದೆ ಎಂದು ಅವಳಿಗೆ ಆಗ ಗೊತ್ತಿರಲಿಲ್ಲ.

ಗಂಡ ನಾಗೇಂದ್ರಪ್ಪ ಕೊಟ್ಟೂರಿನ ಮಾರುಕಟ್ಟೆಯಲ್ಲಿ ಹಮಾಲಿ. ಮೂವತ್ತೊಂದು ವರ್ಷ ಚೀಲ ಹೊತ್ತ. ಶೇಂಗಾ, ಮೆಕ್ಕೆಜೋಳ, ಸಜ್ಜೆ, ಬಂದದ್ದೆಲ್ಲ ಹೊತ್ತ. ಚೀಲ ಬೀಳುವುದು ಬೆನ್ನ ಮೇಲೆ, ಅದರ ಭಾರ ಕೂರುವುದು ಕುತ್ತಿಗೆಯ ಬುಡದಲ್ಲಿ. ನಲವತ್ತು ದಾಟುವುದರೊಳಗೆ ಅವನ ಕುತ್ತಿಗೆ ತಿರುಗುವುದು ನಿಂತಿತು. ಯಾರಾದರೂ ಹಿಂದಿನಿಂದ ಕರೆದರೆ ಇಡೀ ಮೈ ತಿರುಗಿಸಿ ನೋಡುತ್ತಿದ್ದ. ಜೊತೆಯ ಹಮಾಲಿ ಓಬಳೇಶಪ್ಪ ಅದನ್ನು ನೋಡಿ ಆಡಿಕೊಳ್ಳುತ್ತಿದ್ದ.

"ನಾಗೇಂದ್ರಪ್ಪ ಅಂದ್ರ ಎತ್ತಿನಗಾಡಿ ಇದ್ದಂಗ ನೋಡ್ರಿ. ತಿರುಗಬೇಕಂದ್ರ ರಸ್ತಿ ಅಗಲ ಇರಬೇಕು."

"ಹಂಗಾರ ದಾರಿ ಬಿಡಲೇ. ಅಡ್ಡ ಯಾಕ ನಿಂತಿ?"

ಮಾತ್ರೆ ನುಂಗಿದ. ಮುಲಾಮು ಹಚ್ಚಿದ. ಕೊರಳಿಗೆ ಪಟ್ಟಿ ಹಾಕಿಕೊಂಡ. ಚೀಲ ಹೊರುವುದು ಬಿಡು ಎಂದರು ಡಾಕ್ಟರು. ಬಿಡಲಿಲ್ಲ, ಮಗಳು ಸಮತಾ ಆಗ ಓದುತ್ತಿದ್ದಳು. ಹೊರಡುವಾಗ ಡಾಕ್ಟರು ಇನ್ನೊಂದು ಮಾತು ಹೇಳಿದರು. ಮಲಗುವಾಗ ದಿಂಬು ಸರಿ ಇರಲಿ, ಬಹಳ ಎತ್ತರ ಬೇಡ, ಚಪ್ಪಟೆಯೂ ಬೇಡ, ಕುತ್ತಿಗೆಯ ಸಂದು ತುಂಬಿರಬೇಕು. ಬಸಲಿಂಗಮ್ಮ ಆ ಮಾತನ್ನು ಹಿಡಿದುಕೊಂಡಳು. ಬೇರೆ ಯಾವುದೂ ಅವಳ ಕೈಯಲ್ಲಿ ಇರಲಿಲ್ಲ. ಇದು ಇತ್ತು.

ಹಳ್ಳದ ದಂಡೆಯಲ್ಲಿ ಒಂದು ಬೂರಗದ ಮರ ಇತ್ತು. ಬೇಸಿಗೆಯಲ್ಲಿ ಅದರ ಕಾಯಿ ಒಡೆಯುವ ಮೊದಲೇ ಕೊಯ್ದು ತಂದು, ಹಳೇ ಸೀರೆ ಮುಚ್ಚಿ ಬಿಸಿಲಿಗೆ ಹಾಕಿದಳು. ಮುಚ್ಚದಿದ್ದರೆ ಆ ಹತ್ತಿ ಹಾರಿ ಹೋಗಿ ಓಣಿಯವರ ಸಾರಿನ ಗಡಿಗೆಗೆ ಬೀಳುತ್ತದೆ. ಬೀಜ ತೆಗೆದಳು. ದಪ್ಪ ಮಂಜರಪಾಟ ಬಟ್ಟೆಯಲ್ಲಿ ಚೀಲ ಹೊಲಿದು, ಹತ್ತಿಯ ಎಳೆ ಹೊರಗೆ ಬಂದು ಚುಚ್ಚಬಾರದೆಂದು ಒಳಮೈಗೆಲ್ಲ ಮೇಣದಬತ್ತಿ ತಿಕ್ಕಿದಳು. ಕುತ್ತಿಗೆ ಬರುವ ಅಂಚಿಗೆ ಬಿಗಿಯಾಗಿ ತುಂಬಿ, ಅದು ಸರಿದು ಹೋಗದ ಹಾಗೆ ಉದ್ದಕ್ಕೆ ಒಂದು ಸಾಲು ಹೊಲಿಗೆ ಹಾಕಿದಳು. ತಲೆ ಬರುವ ಕಡೆ ಸಡಿಲ ಬಿಟ್ಟಳು.

ದಿಂಬು ಮಾಡುವುದು ದೊಡ್ಡದಲ್ಲ. ಅದನ್ನು ಉಬ್ಬಿಸಿ ಇಟ್ಟುಕೊಳ್ಳುವುದು ಕಷ್ಟ. ದಿನಾ ಒಂದು ತಲೆ ಅದರ ಮೇಲೆ ಕೂತರೆ ಎಂಥ ಹತ್ತಿಯೂ ಕೂಡಿಕೊಳ್ಳುತ್ತದೆ. ಬೆವರು ಇಳಿದು ಗಂಟಾಗುತ್ತದೆ. ತಿಂಗಳಿಗೊಂದು ಸಲ, ಮೋಡ ಇಲ್ಲದ ದಿನ ನೋಡಿ, ಬಸಲಿಂಗಮ್ಮ ದಿಂಬನ್ನು ಮಂಚದ ಹಲಗೆಯ ಮೇಲೆ ಇಟ್ಟು ಮೊಣಕೈ ಊರುತ್ತಿದ್ದಳು. ಮೊಣಕೈ ಎಲುಬಿಗೆ ಹಲಗೆ ತಾಕಿದರೆ ಬಿಚ್ಚುವುದೇ. ಒಂದು ಮಗ್ಗುಲಿನ ಹೊಲಿಗೆ ತೆಗೆದು, ಹತ್ತಿ ಹೊರಗೆ ಎಳೆದು, ಗಂಟುಗಳನ್ನು ಬೆರಳಿನಲ್ಲಿ ಹಿಂಜಿ, ಮಧ್ಯಾಹ್ನದ ತನಕ ಸೀರೆಯ ಕೆಳಗೆ ಒಣಗಿಸಿ, ಮತ್ತೆ ತುಂಬುತ್ತಿದ್ದಳು. ಕೋಲು ಮುಟ್ಟಿಸುತ್ತಿರಲಿಲ್ಲ. ಬಡಿದರೆ ಬೂರಗದ ಹತ್ತಿ ಪುಡಿಯಾಗುತ್ತದೆ. ಕೊನೆಗೆ ನಾಗೇಂದ್ರಪ್ಪನನ್ನು ಮಲಗಿಸಿ ಪಕ್ಕದಲ್ಲಿ ಬೆರಳು ಇಟ್ಟು ಅಳೆಯುತ್ತಿದ್ದಳು. ತಲೆ ಇಟ್ಟ ಮೇಲೆ ನಾಲ್ಕು ಬೆರಳು ಎತ್ತರ ಉಳಿಯಬೇಕು. ಮೂರಾದರೆ ಅವನು ಬೆಳಿಗ್ಗೆ ಎದ್ದು ಯಾರ ಕೂಡ ಮಾತಾಡುತ್ತಿರಲಿಲ್ಲ. ಐದಾದರೆ ಬೈಯುತ್ತಿದ್ದ.

"ಲೇ ಬಸ್ಲಿ, ನನ್ನ ಬಿಟ್ಟು ಆ ದಿಂಬಿನ ಕೂಡ ಸಂಸಾರ ಮಾಡಾಕತ್ತೀಯಲ್ಲ."

"ಅದು ನನ್ನ ಮಾತು ಕೇಳತೈತ್ರಿ. ನೀವು ಕೇಳಂಗಿಲ್ಲ."

ನೋವು ಹೋಯಿತೇ ಎಂದರೆ ಹೋಗಲಿಲ್ಲ. ನಿದ್ದೆ ಮಾತ್ರ ಬರುತ್ತಿತ್ತು. ಅದಕ್ಕಿಂತ ಹೆಚ್ಚು ಅವಳು ಕೇಳಿರಲೂ ಇಲ್ಲ. ಅವಳದೂ ಒಂದು ದಿಂಬು ಇತ್ತು. ಅದರಲ್ಲಿ ಹರಿದ ಸೀರೆ, ಹಳೇ ಲಂಗ ತುಂಬಿದ್ದಳು. ಅದನ್ನು ಎಂದೂ ಬಿಚ್ಚಿದವಳಲ್ಲ.

ಹೋದ ಶ್ರಾವಣದಲ್ಲಿ ಒಂದು ಬೆಳಿಗ್ಗೆ ಚಹಾ ತೆಗೆದುಕೊಂಡು ಹೋದಾಗ ನಾಗೇಂದ್ರಪ್ಪ ಏಳಲಿಲ್ಲ. ಎದೆಬಡಿತ ನಿಂತಿತ್ತು. ಮುಖದಲ್ಲಿ ನೋವು ಇರಲಿಲ್ಲ. ತಲೆ ದಿಂಬಿನ ತಗ್ಗಿನಲ್ಲಿ ಸರಿಯಾಗಿ ಕೂತಿತ್ತು.

ಅವರ ಕಡೆ ಸತ್ತವರ ಹಾಸಿಗೆ ಮನೆಯಲ್ಲಿ ಇಟ್ಟುಕೊಳ್ಳುವುದಿಲ್ಲ. ಹೆಣದ ಹಿಂದೆಯೇ ಅದೂ ಹೋಗಬೇಕು. ಸುಡುಗಾಡಿನ ಬೇಲಿಯ ಹತ್ತಿರ ಬಿಸಾಡಿ ಬರುತ್ತಾರೆ. ಮಣ್ಣು ಮಾಡಲು ಹೊತ್ತುಕೊಂಡು ಹೋಗುವ ಹೊತ್ತಿಗೆ ಓಬಳೇಶಪ್ಪ ಬಾಗಿಲಲ್ಲಿ ನಿಂತ.

"ಚಾಪಿ, ಕೌದಿ ತಗೊಂಡೀವಿ. ತಲಿದಿಂಬು ಒಂದು ಕೊಡವ್ವ, ತಂಗಿ."

ಬಸಲಿಂಗಮ್ಮ ಒಳಗೆ ಹೋದಳು. ಎರಡು ದಿಂಬೂ ಮಂಚದ ಮೇಲೆ ಇದ್ದವು. ಅವನ ದಿಂಬಿನಲ್ಲಿ ತಲೆಯ ತಗ್ಗು ಇನ್ನೂ ಹಾಗೆಯೇ ಇತ್ತು. ಒಂದು ನಿಮಿಷ ನಿಂತಳು. ಆಮೇಲೆ ತನ್ನ ದಿಂಬಿಗೆ ಅವನ ದಿಂಬಿನ ಗವಸು ಹಾಕಿ ತಂದು ಕೊಟ್ಟಳು. ಹೇಗಿದ್ದರೂ ಬೇಲಿಗೆ ಬಿಸಾಡುವುದು, ಯಾವುದಾದರೇನು ಎಂದುಕೊಂಡಳು.

ಮೂರನೆಯ ದಿನ ಜನ ಕೂತಿದ್ದಾಗ ಓಬಳೇಶಪ್ಪ ಅವಳಿಗೆ ಸಮಾಧಾನ ಹೇಳಿದ.

"ಅಳಬ್ಯಾಡವ್ವ. ಕುತ್ತಿಗಿ ನೋವಿನ ಮನುಷ್ಯ ಅಂತ ನನಗ ಗೊತ್ತಿಲ್ಲೇನು? ದಿಂಬು ಬೇಲಿಗೆ ಒಗಿಯಾಕ ಮನಸ್ಸು ಬರಲಿಲ್ಲ. ಕುಣಿಯಾಗ ತಲಿ ಕೆಳಗ ನಾನೇ ಇಟ್ಟು ಬಂದೀನಿ. ನೀನು ಹಿಂಜಿ ಹಿಂಜಿ ಮಾಡಿದ್ದು, ಅವನ ಕೂಡ ಹೋತು."

ಕೂತವರೆಲ್ಲ ಒಳ್ಳೇದು ಮಾಡಿದಿ ಎಂದರು. ಬಸಲಿಂಗಮ್ಮ ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡಳು. ಕುಣಿಗೆ ಹೋದದ್ದು ಯಾವ ದಿಂಬು ಎಂದು ಅವಳೊಬ್ಬಳಿಗೇ ಗೊತ್ತಿತ್ತು.

ಅವನ ದಿಂಬು ಟ್ರಂಕಿನಲ್ಲಿತ್ತು. ಸೀರೆಯಲ್ಲಿ ಸುತ್ತಿ, ಅದುಮದ ಹಾಗೆ ಎಲ್ಲಕ್ಕಿಂತ ಮೇಲೆ ಇಟ್ಟಿದ್ದಳು. ಇಪ್ಪತ್ತು ವರ್ಷ ತಿಂಗಳು ತಪ್ಪಿಸದೆ ಹಿಂಜಿದವಳು ಈಗ ಅದನ್ನು ಮುಟ್ಟಲಿಲ್ಲ. ಮುಟ್ಟಿದರೆ ತಗ್ಗು ಹೋಗುತ್ತದೆ. ಮಗಳು ಕೆಲಸಕ್ಕೆ ಹೋದ ಮೇಲೆ ಟ್ರಂಕು ತೆಗೆದು ನೋಡುತ್ತಿದ್ದಳು. ಅಂಗೈ ಅಗಲದ ತಗ್ಗು. ಮೊದಲು ಎಣ್ಣೆಯ ವಾಸನೆ ಇತ್ತು. ಹೋಳಿ ಹುಣ್ಣಿಮೆಯ ಹೊತ್ತಿಗೆ ಅದು ಹೋಯಿತು. ತಗ್ಗು ಇತ್ತು.

ಸಮತಾ ಕೂಡ್ಲಿಗಿಯ ಒಂದು ಕಚೇರಿಯಲ್ಲಿ ಎಸ್‌ಡಿಎ. ದಿನಾ ಬಸ್ಸಿನಲ್ಲಿ ಹೋಗಿ ಬರುತ್ತಾಳೆ. ಬೆಳಗಿನಿಂದ ಸಂಜೆಯ ತನಕ ತಲೆ ಬಗ್ಗಿಸಿ ಕಡತ ನೋಡುವುದು, ತಲೆ ಎತ್ತಿ ಕಂಪ್ಯೂಟರ್ ನೋಡುವುದು. ಬೇಸಿಗೆ ಶುರುವಾಗುವಾಗ ಅವಳಿಗೂ ಕುತ್ತಿಗೆ ಹಿಡಿಯಿತು. ಮೊದಲು ಒಂದು ಮಗ್ಗುಲು. ಆಮೇಲೆ ಬೆರಳಿನ ತುದಿಯ ತನಕ ಜುಮುಜುಮು. ಒಂದು ದಿನ ಬಸಲಿಂಗಮ್ಮ ಹಿಂದಿನಿಂದ ಕರೆದಳು. ಮಗಳು ಇಡೀ ಮೈ ತಿರುಗಿಸಿ ನೋಡಿದಳು. ಬಸಲಿಂಗಮ್ಮನ ಕೈಯಲ್ಲಿದ್ದ ತಟ್ಟೆ ಅಲ್ಲೇ ನಿಂತಿತು.

ಸಮತಾ ಫೋನಿನಲ್ಲಿ ನೋಡಿ ಒಂದು ದಿಂಬು ತರಿಸಿದಳು. ನಡುವೆ ತಗ್ಗು, ಎರಡು ಕಡೆ ದಿಬ್ಬ.

"ಇದೇನವ್ವಾ, ಮುದಿ ಕತ್ತೆ ಬೆನ್ನು ಇದ್ದಂಗ ಐತಿ," ಎಂದಳು ಬಸಲಿಂಗಮ್ಮ.

"ಡಾಕ್ಟರ್ ದಿಂಬಂತವ್ವ ಇದು. ನಗಬ್ಯಾಡ."

ಕೊಟ್ಟೂರಿನ ಬಿಸಿಲಿಗೆ ಅದು ಹೆಂಚಿನ ಹಾಗೆ ಕಾಯಿತು. ವಾರಕ್ಕೆ ಮೂಲೆ ಸೇರಿತು. ಅಂಗಡಿಯ ಫೈಬರ್ ದಿಂಬು ತಂದಳು. ಇಪ್ಪತ್ತು ದಿನಕ್ಕೆ ಅದು ರೊಟ್ಟಿಯಾಯಿತು. ಕೊನೆಗೆ ಶಾಲು ಮಡಿಚಿ ತಲೆಗೆ ಇಟ್ಟುಕೊಂಡು ಮಲಗತೊಡಗಿದಳು. ಬೆಳಿಗ್ಗೆ ಯಾರ ಕೂಡ ಮಾತಾಡುತ್ತಿರಲಿಲ್ಲ.

ಬಸಲಿಂಗಮ್ಮ ಹೊಸ ಬೂರಗದ ಹತ್ತಿಗಾಗಿ ತಿರುಗಿದಳು. ಹಳ್ಳದ ದಂಡೆಯ ಮರ ರಸ್ತೆ ಅಗಲ ಮಾಡುವಾಗ ಹೋಗಿತ್ತು. ಹರಪನಹಳ್ಳಿಯ ಕಡೆ ಇರುವ ನಾದಿನಿ ರಮಾಗೆ ಫೋನು ಮಾಡಿದಳು.

"ನಿಮ್ಮ ಕಡಿ ಎಲ್ಲ್ಯಾರ ಬೂರಗದ ಮರ ಅದಾವೇನು, ರಮಾ?"

"ಒಂದು ಐತಿ ಅತ್ತಿಗಿ. ಕಾಯಿ ಒಡದು ಹತ್ತಿ ಎಲ್ಲಾ ಹಾರಿ ಹೋಗೈತಿ. ಈಗ ಯಾರು ಆರಸ್ತಾರ ಅದನ್ನ? ಮುಂದಿನ ವರ್ಷ ಹೇಳು, ಕೊಯಿಸಿ ಇಡ್ತೀನಿ. ಯಾರಿಗೆ ಅದು?"

"ಸಮತಾಗ."

"ಅಣ್ಣನ ದಿಂಬು ಇದ್ದಿದ್ದರ ಆಗ್ತಿತ್ತು," ಎಂದಳು ರಮಾ. "ಕುಣಿ ಸೇರಿತು."

ಬಸಲಿಂಗಮ್ಮ ಫೋನು ಇಟ್ಟಳು.

ಆ ವಾರ ಅವಳು ಟ್ರಂಕನ್ನು ದಿನಕ್ಕೆ ನಾಲ್ಕು ಸಲ ತೆಗೆದಳು, ಮುಚ್ಚಿದಳು. ಸತ್ತವರ ದಿಂಬಿಗೆ ಬೆಳೆದ ಮಗಳು ತಲೆ ಇಡಬಹುದೇ ಎಂದು ತನ್ನನ್ನೇ ಕೇಳಿದಳು. ಅದು ಬರೀ ನೆವ ಎಂದು ಅವಳಿಗೆ ಗೊತ್ತಿತ್ತು. ದಿಂಬನ್ನು ಹಾಗೇ ಕೊಡುವ ಹಾಗಿರಲಿಲ್ಲ. ಒಂಬತ್ತು ತಿಂಗಳು ಕೂಡಿಕೊಂಡ ಹತ್ತಿ. ಬಿಚ್ಚಬೇಕು, ಹಿಂಜಬೇಕು. ಬಿಚ್ಚಿದರೆ ಅವನು ಮಲಗಿದ ಜಾಗ ಹೋಗುತ್ತದೆ. ಮುಂದಿನ ವರ್ಷ ಹೊಸ ಹತ್ತಿ ಬರುತ್ತದೆ, ಅಲ್ಲಿಯ ತನಕ ಮಗಳು ತಡೆದುಕೊಳ್ಳಲಿ ಎಂದೂ ಒಂದು ಹೊತ್ತು ಅಂದುಕೊಂಡಳು. ಶನಿವಾರ ಸಮತಾ ಬಸ್ಸಿಳಿದು ಬಂದು, ಜಡೆ ಹಾಕಿಕೊಳ್ಳಲು ಕೈ ಎತ್ತಿದವಳು ಅರ್ಧಕ್ಕೇ ಇಳಿಸಿದಳು.

"ಹಾಕ್ಯಾರ ಕೊಡವ್ವ. ಕೈ ಏಳವಲ್ದು."

ಇಪ್ಪತ್ತೇಳು ವರ್ಷದ ಮಗಳಿಗೆ ಬಸಲಿಂಗಮ್ಮ ಕೂತು ಜಡೆ ಹಾಕಿದಳು.

ಭಾನುವಾರ ಮೋಡ ಇರಲಿಲ್ಲ. ಸಮತಾ ಬಟ್ಟೆ ಹಿಂಡಲು ಆಗುವುದಿಲ್ಲವೆಂದು ಮುಂದಿನ ಓಣಿಯ ಗೆಳತಿಯ ಮನೆಯ ಮೆಷಿನ್ನಿಗೆ ಹಾಕಲು ಹೋಗಿದ್ದಳು, ಬರುವುದು ಸಂಜೆಯೇ. ಬಸಲಿಂಗಮ್ಮ ದಿಂಬನ್ನು ಹಿತ್ತಲಿಗೆ ತಂದಳು. ಮೊಣಕೈ ಊರಲಿಲ್ಲ. ಊರಿ ನೋಡುವುದೇನಿತ್ತು? ಬ್ಲೇಡಿನಿಂದ ಹೊಲಿಗೆ ಕೊಯ್ದಳು.

ಅಂಚಿನ ಹತ್ತಿ ಸುಲಭಕ್ಕೆ ಬಂತು. ಹಿಂಜಿದ ಹಾಗೆ ಉಬ್ಬಿತು. ತಲೆಯ ಜಾಗದ ಹತ್ತಿ ಬರಲಿಲ್ಲ. ಕೈ ಹಾಕಿ ಎಳೆದಳು. ಅದು ಒಂದೇ ಗಂಟಾಗಿತ್ತು. ಬೋಗುಣಿಯ ಹಾಗೆ ಗುಂಡಗೆ, ನಡುವೆ ತಗ್ಗಾಗಿ, ಬಣ್ಣ ಕಂದಿಹೋಗಿತ್ತು. ಇಪ್ಪತ್ತು ವರ್ಷ ಎಷ್ಟೋ ಗಂಟು ಬಿಡಿಸಿದ್ದಾಳೆ. ಇದನ್ನು ತೆಗೆದು ಸೆರಗಿನಲ್ಲಿ ಕಟ್ಟಿಕೊಂಡಳು. ಇದೊಂದು ನನಗಿರಲಿ, ಉಳಿದದ್ದು ಅವಳಿಗಾಗಲಿ ಎಂದುಕೊಂಡಳು.

ಮಧ್ಯಾಹ್ನ ಉಳಿದ ಹತ್ತಿ ತುಂಬಿದಳು. ಮೊದಲು ಕುತ್ತಿಗೆಯ ಅಂಚು, ಆಮೇಲೆ ತಲೆಯ ಕಡೆ. ಹಲಗೆಯ ಮೇಲೆ ಇಟ್ಟು ಮೊಣಕೈ ಊರಿದಳು. ಎಲುಬಿಗೆ ಹಲಗೆ ತಾಕಿತು. ಅಂಚಿನಿಂದ ಸ್ವಲ್ಪ ಈ ಕಡೆ ಸರಿಸಿದಳು. ಅಂಚು ಸೋತಿತು. ಮತ್ತೆ ಸರಿಸಿದಳು. ಮತ್ತೆ ತಾಕಿತು. ಎಷ್ಟು ಮಾಡಿದರೂ ಮೂರು ಬೆರಳು.

ಬಿಸಿಲು ಗೋಡೆಯಿಂದ ಕೆಳಗೆ ಇಳಿಯುವ ತನಕ ಬಸಲಿಂಗಮ್ಮ ಹಾಗೇ ಕೂತಿದ್ದಳು. ಆಮೇಲೆ ಸೆರಗು ಬಿಚ್ಚಿ ಆ ಗಂಟನ್ನು ತೊಡೆಯ ಮೇಲೆ ಇಟ್ಟುಕೊಂಡಳು. ಅಂಚಿನಿಂದ ಒಂದೊಂದೇ ಎಳೆ ತೆಗೆದಳು. ಗಟ್ಟಿಯಾಗಿತ್ತು. ಬೆರಳು ನೊಂದವು. ತಗ್ಗು ಮೊದಲು ಓರೆಯಾಯಿತು, ಆಮೇಲೆ ಚಿಕ್ಕದಾಯಿತು, ಆಮೇಲೆ ಎಲ್ಲಿತ್ತೆಂದು ಕಾಣಲಿಲ್ಲ. ತೊಡೆಯ ಮೇಲೆ ಬರೀ ಹತ್ತಿ. ಬೇರೆ ಹತ್ತಿಯ ಹಾಗೆಯೇ ಹಗುರ. ಅದನ್ನೂ ತುಂಬಿ ಹೊಲಿದಳು. ಮೊಣಕೈ ಊರಿದಳು. ತಾಕಲಿಲ್ಲ.

ಸಮತಾ ಬಂದು ಮಂಚದ ಮೇಲೆ ದಿಂಬು ನೋಡಿದಳು. ಹೊಸ ಗವಸು ಇತ್ತು. ಏನೂ ಕೇಳದೆ ಮಲಗಿದಳು. ಬಸಲಿಂಗಮ್ಮ ಪಕ್ಕದಲ್ಲಿ ಬೆರಳು ಇಟ್ಟಳು. ನಾಲ್ಕು.

ಸಮತಾ ಕುತ್ತಿಗೆಯ ಕೆಳಗೆ ಕೈ ಹಾಕಿ ಅಂಚನ್ನು ತಡವಿದಳು. ಉದ್ದದ ಹೊಲಿಗೆ ಕೈಗೆ ಸಿಕ್ಕಿತು.

"ಅವ್ವಾ. ಇದು ಅಪ್ಪಂದು."

"ಹೂಂ."

"ಓಬಳೇಶಪ್ಪ ಕಾಕಾ ಕುಣಿಯಾಗ ಇಟ್ಟಿದ್ದು?"

"ನಂದು."

ಸಮತಾ ಹೊಲಿಗೆಯಿಂದ ಕೈ ತೆಗೆದಳು.

"ನಿಂದು ಕಲ್ಲಿನಂಗಿತ್ತಲ್ಲವ್ವಾ."

ಒಂಬತ್ತು ತಿಂಗಳಿಂದ ಬಸಲಿಂಗಮ್ಮ ತನಗೆ ತಾನೇ ಹೇಳಿಕೊಂಡ ಮಾತು ಅದು. ಮಗಳ ಬಾಯಲ್ಲಿ ಕೇಳಿದಾಗ ಬೇರೆಯಾಗಿ ಕೇಳಿತು. ಸಮತಾಗೆ ತನ್ನ ಮಾತು ತನಗೇ ತಾಕಿತು. ಎದ್ದು ಕೂರಲು ನೋಡಿದಳು, ಕುತ್ತಿಗೆ ಬಿಡಲಿಲ್ಲ.

"ಸತ್ತವರಿಗೆ ನೋವು ಗೊತ್ತಾಗಂಗಿಲ್ಲವ್ವ."

"ನಿನಗ ಹೆಂಗ ಗೊತ್ತು?"

ಸಮತಾ ಮತ್ತೆ ಏಳಲು ಮೊಣಕೈ ಊರಿದಳು.

"ಏಳಬ್ಯಾಡ, ಮಲಕ್ಕೊ," ಎಂದಳು ಬಸಲಿಂಗಮ್ಮ. "ಪೂರ್ತಿ ಹೋಗಂಗಿಲ್ಲ ನೋವು. ನಿಮ್ಮಪ್ಪಂದೂ ಹೋಗಲಿಲ್ಲ. ನಿದ್ದಿ ಬರತೈತಿ."

ಸ್ವಲ್ಪ ಹೊತ್ತಿಗೆ ನಿದ್ದೆ ಬಂತು. ಮಗಳ ತಲೆಯ ಕೆಳಗೆ ಹತ್ತಿ ಮೆಲ್ಲಗೆ ತಗ್ಗಾಗತೊಡಗಿತು. ಬಸಲಿಂಗಮ್ಮ ಹೊರಗೆ ಬಂದು ಹಿತ್ತಲಿನಲ್ಲಿ ಕೂತಳು. ಸೀರೆಗೆ ಅಂಟಿದ ಹತ್ತಿಯ ಎಳೆಗಳನ್ನು ಒಂದೊಂದಾಗಿ ಆರಿಸಿದಳು. ಅವುಗಳಲ್ಲಿ ಯಾವುದು ಆ ಗಂಟಿನದು ಎಂದು ಹೇಳಲು ಆಗಲಿಲ್ಲ. ಎಲ್ಲವನ್ನೂ ಉಂಡೆ ಮಾಡಿ ಅಂಗೈಯಲ್ಲಿ ಹಿಡಿದುಕೊಂಡಳು. ಹುಣಸೆ ಬೀಜದಷ್ಟು ಇತ್ತು.